ಹೊಸದುರ್ಗ ಮೊದಲೋ, ಹೊಳಲ್ಕೆರೆ ಮೊದಲೋ?

ತಿಪಟೂರು ತಾಲ್ಲೂಕಿನ ಹೋಬಳಿಗಳು ನಾಲ್ಕು: ಕಸಬಾ, ಹೊನ್ನವಳ್ಳಿ, ಕಿಬ್ಬನಹಳ್ಳಿ, ನೊಣವಿನಕೆರೆ. ಇವುಗಳ ಜೊತೆಗೆ ತುರುವೇಕೆರೆಯ ಕಸಬಾ, ದಂಡಿನಶಿವರ, ದಬ್ಬೇಘಟ್ಟ, ಮಾಯಸಂದ್ರ. ಚಿಕ್ಕನಾಯಕನಹಳ್ಳಿಯ ಕಸಬಾ, ಹುಳಿಯಾರು, ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆ. ತೆಂಗಿನ ಸೀಮೆಯ ಈ 13 ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಪೈಥಾನ್ ಭಾಷೆಯಲ್ಲಿ ಒಂದೇ ಆಜ್ಞೆ ಸಾಕು. ಆದರೂ ಪ್ರೋಗ್ರಾಮಿಂಗ್ ಕಲಿಸುವವರು ಆ ಆಜ್ಞೆಯನ್ನು ಬದಿಗಿಡಿಸಿ, ಜೋಡಣೆಯ ಒಂದೊಂದು ಹೆಜ್ಜೆಯನ್ನೂ ವಿದ್ಯಾರ್ಥಿಯಿಂದಲೇ ಬರೆಸುತ್ತಾರೆ. ಬರೆಸಲೇಬೇಕು.

ಮೊದಲಿಗರಿಗೆ ಹೊಂದುವುದು ಇನ್ಸರ್ಷನ್ ಸಾರ್ಟ್. ಕಸಬಾ, ಕಿಬ್ಬನಹಳ್ಳಿ, ಹೊನ್ನವಳ್ಳಿ ಆಗಲೇ ಸಾಲಾಗಿ ನಿಂತಿವೆ ಎನ್ನೋಣ. ಈಗ ನೊಣವಿನಕೆರೆಯ ಸರದಿ. ಸಾಲಿನ ಕೊನೆಯಿಂದ ಹೋಲಿಸುತ್ತ ಬಂದರೆ ಹೊನ್ನವಳ್ಳಿ ಒಂದು ಸ್ಥಾನ ಹಿಂದೆ ಸರಿಯುತ್ತದೆ, ಕಿಬ್ಬನಹಳ್ಳಿ ಕದಲುವುದಿಲ್ಲ. ನಡುವಿನ ಜಾಗ ನೊಣವಿನಕೆರೆಗೆ.

ಹದಿಮೂರು ಹೆಸರುಗಳಿಗೆ ಹೆಚ್ಚೆಂದರೆ 78 ಹೋಲಿಕೆ. ಸಾವಿರ ಹೆಸರಾದರೆ ಅದು 4,99,500ರವರೆಗೆ ಏರಬಹುದು! ಜಾನ್ ವಾನ್ ನ್ಯೂಮನ್ 1945ರಲ್ಲಿ ರೂಪಿಸಿದ ಮರ್ಜ್ ಸಾರ್ಟ್ ಪಟ್ಟಿಯನ್ನು ಅರ್ಧರ್ಧ ಒಡೆದು, ಜೋಡಿಸಿ, ಮತ್ತೆ ಕೂಡಿಸುತ್ತದೆ. ಅದೇ ಕೆಲಸ ಅಲ್ಲಿ ಹತ್ತು ಸಾವಿರ ಹೋಲಿಕೆಗಳೊಳಗೆ ಮುಗಿಯುತ್ತದೆ.

ಇನ್ನೊಂದು ಪ್ರಸಿದ್ಧ ವಿಧಾನ ಹುಟ್ಟಿದ್ದು ಭಾಷೆಯ ಕೆಲಸದಿಂದಲೇ. 1959ರಲ್ಲಿ ಬ್ರಿಟನ್ನಿನ ಟೋನಿ ಹೋರ್ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಯಂತ್ರಾನುವಾದ ಅಭ್ಯಾಸ ಮಾಡುತ್ತಿದ್ದರು. ರಷ್ಯನ್ ನಿಘಂಟು ಇದ್ದದ್ದು ಕಾಂತೀಯ ಟೇಪಿನಲ್ಲಿ, ಅಕ್ಷರ ಕ್ರಮದಲ್ಲಿ. ವಾಕ್ಯದ ಪದಗಳನ್ನೂ ಅದೇ ಕ್ರಮಕ್ಕೆ ತಂದರೆ ಟೇಪನ್ನು ಒಮ್ಮೆ ಓಡಿಸಿದರಾಯಿತು. ಮೊದಲು ಹೊಳೆದ ದಾರಿ ನಿಧಾನದ್ದಾಗಿತ್ತು. ಆಮೇಲೆ ಹೊಳೆದದ್ದೇ ಕ್ವಿಕ್‌ಸಾರ್ಟ್. ಅದು 1961ರಲ್ಲಿ ಪ್ರಕಟವಾಯಿತು.

ನಮ್ಮ ಪಟ್ಟಿಯಲ್ಲಿ ಕಸಬಾ ಮೂರು ಸಲ ಬಂದಿದೆ. ಹೋಲಿಸುವಾಗ ‘ದೊಡ್ಡದಾದರೆ ಸರಿಸು’ ಎಂದು ಬರೆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಸಬಾಗಳು ಬಂದ ಕ್ರಮದಲ್ಲೇ ಉಳಿಯುತ್ತವೆ. ‘ದೊಡ್ಡದು ಅಥವಾ ಸಮನಾದರೆ ಸರಿಸು’ ಎಂದರೆ ಮೂರೂ ತಿರುವುಮುರುವು. ಒಂದು ಚಿಹ್ನೆಯ ವ್ಯತ್ಯಾಸ ಎಷ್ಟು ದೂರ ಮುಟ್ಟುತ್ತದೆ ಎಂಬುದು ಸ್ವತಃ ಬರೆದವರಿಗೇ ಮನದಟ್ಟಾಗುವುದು.

ಕನ್ನಡಿಗರಿಗೆ ಇದಕ್ಕಿಂತ ಮುಖ್ಯವಾದ ತೊಡಕು ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಗಳನ್ನು ಸೇರಿಸಿದಾಗ ಎದುರಾಗುತ್ತದೆ. ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಹಕಾರದ ನಂತರದ್ದು. ಹಾಗಾಗಿ ಹೊಸದುರ್ಗವೇ ಮೊದಲು ಬರಬೇಕು. ಕಂಪ್ಯೂಟರ್ ಹೊಳಲ್ಕೆರೆಯನ್ನು ಮುಂದಿಡುತ್ತದೆ! ಅದು ನೋಡುವುದು ಅಕ್ಷರಗಳ ಯೂನಿಕೋಡ್ ಸಂಖ್ಯೆಯನ್ನು: ಲ 3250, ಳ 3251, ಸ 3256, ಹ 3257. ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಹಾಕಿದ ಇಸ್ಕಿ ಮಾನಕ ಳಕಾರವನ್ನು ಲಕಾರದ ಪಕ್ಕದಲ್ಲಿಟ್ಟಿತ್ತು; ಯೂನಿಕೋಡ್ ಅದನ್ನೇ ಅನುಸರಿಸಿತು.

ಸಿದ್ಧ ಆಜ್ಞೆಯನ್ನು ನಂಬಿದವರಿಗೆ ಈ ತಪ್ಪು ಕಣ್ಣಿಗೇ ಬೀಳದಿರಬಹುದು. ಹೋಲಿಕೆಯ ಸಾಲನ್ನು ತಾವೇ ಬರೆದವರಿಗೆ ತಿದ್ದಬೇಕಾದ ಜಾಗ ಗೊತ್ತು. ಹಕಾರದ ಮುಂದಿನ 3258ನ್ನು ಯೂನಿಕೋಡ್ ಖಾಲಿ ಬಿಟ್ಟಿದೆ; ಹೋಲಿಸುವಾಗ ಳಕಾರಕ್ಕೆ ಆ ಸಂಖ್ಯೆ ಕೊಟ್ಟರೆ ಹೊಸದುರ್ಗ ಮುಂದೆ ಬರುತ್ತದೆ.

ಪ್ರೋಗ್ರಾಮಿಂಗ್ ಪಾಠ ಮಾಡುವ ಮೇಷ್ಟ್ರುಗಳು ಅಭ್ಯಾಸಕ್ಕೆ ಬರಿಯ ಅಂಕಿಗಳನ್ನು ಕೊಡುವ ಬದಲು ತಮ್ಮ ತಾಲ್ಲೂಕಿನ ಊರುಗಳ ಹೆಸರನ್ನೇ ಕನ್ನಡದಲ್ಲಿ ಕೊಡಲಿ. ಅವುಗಳಲ್ಲಿ ಳಕಾರದ ಊರುಗಳೂ ಇರಲಿ.