ನಿಮಗಿದು ಗೊತ್ತೆ? ನೇಪಾಳಕ್ಕೆ ವೀಸಾ ಬೇಡ

ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, ನೇಪಾಳಿಗರಿಗೂ ಇಲ್ಲಿ ಬೇಡ. 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದದ ಏಳನೇ ವಿಧಿ ಓಡಾಟಕ್ಕಷ್ಟೇ ಅಲ್ಲ, ವಾಸ, ವ್ಯಾಪಾರಗಳಿಗೂ ಅವಕಾಶ ಕೊಟ್ಟಿದೆ. ಗಡಿಯ ಉದ್ದ 1,700 ಕಿ.ಮೀ.ಗೂ ಹೆಚ್ಚು. ಬಿಹಾರದ ರಕ್ಸೌಲ್‌ನವರು ಸಂತೆ, ಸಾಮಾನು ಎಂದು ಆಚೆಯ ಬೀರ್‌ಗಂಜ್‌ಗೆ ಹೋಗಿಬರುವುದು ದಿನನಿತ್ಯದ ಮಾತು. ಗಡಿಯ ಎರಡೂ ಕಡೆ ಹಬ್ಬಿದ ಮಿಥಿಲೆಯ ಹಳ್ಳಿಗಳಲ್ಲಂತೂ ಹೆಣ್ಣು ಕೊಟ್ಟು ತರುವ ನಂಟು ಗಡಿ ನೋಡುವುದೇ ಇಲ್ಲ. ಸೀತೆಯ ತವರೆಂದು ಹೆಸರಾದ ಜನಕಪುರಕ್ಕೆ ಬಿಹಾರದ ಜಯನಗರದಿಂದ ರೈಲೇ ಇದೆ. ಬ್ರಾಡ್‌ಗೇಜ್ ಆಗಿ 2022ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು.

ಆದರೆ ವಿಮಾನದಲ್ಲಿ ಹೋಗುವವರು ಎಚ್ಚರ! ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. ಎಲ್ಲೆಡೆ ನಡೆಯುವ ಆಧಾರ್, 15ರಿಂದ 65 ವರ್ಷದೊಳಗಿನವರಿಗೆ ಇಲ್ಲಿ ನಡೆಯದು. ಸ್ವಂತ ಕಾರು ಒಯ್ದರೆ ಗಡಿಯಲ್ಲಿ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು. ಮೂರನೇ ದೇಶದವರಿಗೆ ಈ ಸಲಿಗೆ ಇಲ್ಲ. ಅವರು ವಲಸೆ ಕಚೇರಿಯ ಮುದ್ರೆ ಒತ್ತಿಸಿಕೊಂಡೇ ದಾಟಬೇಕು.

ಕನ್ನಡಿಗರಿಗೆ ಇನ್ನೂ ಹತ್ತಿರದ ನಂಟೊಂದಿದೆ. ಕಠ್ಮಂಡುವಿನ ಪಶುಪತಿನಾಥ ದೇಗುಲದ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು, ಹೆಚ್ಚಾಗಿ ಕರಾವಳಿ ಕಡೆಯವರು. ಆದರೆ ಈ ಪದ್ಧತಿಯೂ ವಿವಾದವಿಲ್ಲದೆ ಉಳಿದಿಲ್ಲ: 2009ರ ಹೊತ್ತಿಗೆ ಅಲ್ಲಿನ ಮಾವೋವಾದಿ ಸರ್ಕಾರ ನೇಪಾಳಿ ಅರ್ಚಕರನ್ನೇ ನೇಮಿಸಲು ಹೊರಟು, ಪ್ರತಿಭಟನೆ ಜೋರಾದಾಗ ಹಿಂದೆ ಸರಿಯಿತು.