ವಿದ್ಯುಚ್ಛಾಸ್ತ್ರಕ್ಕೆ ಯಾವ ವಿದ್ಯಾಲಯ?

ಸೋಗಾನೆಯ ಸುತ್ತಮುತ್ತಲ ಗೃಹಸ್ಥರು ತಮ್ಮ ಮಕ್ಕಳ ಮುಂದಿನ ವ್ಯಾಸಂಗದ ವಿಷಯವಾಗಿ ನಮ್ಮೊಡನೆ ಪ್ರಸ್ತಾಪಿಸುವುದುಂಟು. ನಾವು ಉಪಾಧ್ಯಾಯ ವೃತ್ತಿಯನ್ನು ಬಿಟ್ಟರೂ ಆ ವೃತ್ತಿಯು ನಮ್ಮನ್ನು ಬಿಟ್ಟಿಲ್ಲವಷ್ಟೆ. ಈಚೆಗೆ ಅವರು ಕೇಳುವ ಪ್ರಶ್ನೆಯು ಬಹುಮಟ್ಟಿಗೆ ಒಂದೇ: ಎಲೆಕ್ಟ್ರಿಕಲ್ ಇಂಜನಿಯರಿಂಗ್ ಪದವಿಗೆ ಯಾವ ವಿಶ್ವವಿದ್ಯಾನಿಲಯವು ಉತ್ತಮ? ವ್ಯಾಕರಣವನ್ನು ಬೋಧಿಸಿದವರಿಗೆ ವಿದ್ಯುಚ್ಛಕ್ತಿಯ ಗೊಡವೆಯೇಕೆಂದು ವಾಚಕರು ನಗಬಹುದು. ಯಂತ್ರದ ಒಳಗುಟ್ಟನ್ನು ನಾವು ಹೇಳಹೊರಟಿಲ್ಲ. ವಿದ್ಯಾಲಯವನ್ನು ಪರೀಕ್ಷಿಸತಕ್ಕ ಬಗೆಯು ಎಲ್ಲ ವಿದ್ಯೆಗಳಿಗೂ ಒಂದೇ.

ಈ ವಿದ್ಯೆಗೆ ನಮ್ಮ ಸೀಮೆಯು ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪಗಳು ಬೆಳಗಿದುವು. ನಮ್ಮ ಜಿಲ್ಲೆಯ ಜೋಗದ ನೀರು 1948ರಿಂದ ಯಂತ್ರಗಳನ್ನು ತಿರುಗಿಸುತ್ತಿದೆ. ಲಿಂಗನಮಕ್ಕಿಯ ಅಣೆಕಟ್ಟಿನ ತರುವಾಯ ಎದ್ದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯವು 1035 ಮೆಗಾವಾಟ್. 2023ನೆಯ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು ಉದ್ಘಾಟನೆಯಾಯಿತಷ್ಟೆ. ಅಂತಹ ಓಡುಪಥದ ದೀಪಮಾಲೆಯನ್ನು ಹೊಂದಿಸುವವನೂ ಈ ವಿದ್ಯೆಯವನೇ. ಆದರೆ ಸಾವಿರ ಮೆಗಾವಾಟ್ ಹುಟ್ಟಿಸುವ ಜಿಲ್ಲೆಯ ಮಕ್ಕಳಿಗೆ ಆ ಶಕ್ತಿಯು ಹುಟ್ಟುವ ಬಗೆಯಲ್ಲಿ ಅಷ್ಟೇನೂ ಕುತೂಹಲವಿಲ್ಲದಿರುವುದು ನಮಗೆ ಸೋಜಿಗ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕು. ವಿಶ್ವವಿದ್ಯಾನಿಲಯವನ್ನು ಆರಿಸುತ್ತೇವೆಂದು ನಾವು ಹೇಳುತ್ತೇವಾದರೂ ಕರ್ಣಾಟಕದಲ್ಲಿ ವಾಸ್ತವವಾಗಿ ಆರಿಸುವುದು ಕಾಲೇಜನ್ನು. ರಾಜ್ಯದ ಬಹುಪಾಲು ಇಂಜನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಶಿವಮೊಗ್ಗದಲ್ಲಿ 1980ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಕಾಲೇಜಿನಲ್ಲಿ ಓದಿದವನಿಗೂ ರಾಜಧಾನಿಯ ಹವಾನಿಯಂತ್ರಿತ ಕಟ್ಟಡದಲ್ಲಿ ಓದಿದವನಿಗೂ ಅನೇಕ ವೇಳೆ ದೊರೆಯುವ ಪದವೀಪತ್ರವು ಒಂದೇ. ಕೆಲವಕ್ಕೆ ಸ್ವಾಯತ್ತತೆಯುಂಟು, ಅವು ಪಾಠಕ್ರಮವನ್ನೂ ಪರೀಕ್ಷೆಯನ್ನೂ ತಾವೇ ನಡೆಸುತ್ತವೆ, ಪದವಿಯನ್ನು ಮಾತ್ರ ಬೆಳಗಾವಿಯು ಕೊಡುತ್ತದೆ. ಇದಕ್ಕೆ ಹೊರತಾದುವೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಲೇಜು 2021ರ ಶಾಸನದಿಂದ ತಾನೇ ವಿಶ್ವವಿದ್ಯಾನಿಲಯವಾಗಿದೆ. ಘಟ್ಟದ ಕೆಳಗೆ 1960ರಲ್ಲಿ ಸ್ಥಾಪಿತವಾದ ಸುರತ್ಕಲ್ಲಿನ ವಿದ್ಯಾಲಯವು 2002ರಿಂದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಅಲ್ಲಿಗೆ ಅಖಿಲ ಭಾರತದ ಜೆ.ಇ.ಇ. ಪರೀಕ್ಷೆಯೇ ದ್ವಾರವಾದರೂ ಅರ್ಧದಷ್ಟು ಸ್ಥಾನಗಳು ಈ ರಾಜ್ಯದವರಿಗೇ ಮೀಸಲು. ನಮ್ಮ ಹಳ್ಳಿಗಳಲ್ಲಿ ಈ ಸಂಗತಿಯನ್ನು ಅರಿತವರು ವಿರಳ.

ಹಾಗಾದರೆ ಕಾಲೇಜನ್ನು ಅಳೆಯುವುದು ಹೇಗೆ? ನಮ್ಮ ಪ್ರಾಚೀನರು ಸ್ಥಾಲೀಪುಲಾಕ ನ್ಯಾಯವೆಂದು ಒಂದನ್ನು ಹೇಳುತ್ತಿದ್ದರು. ಪಾತ್ರೆಯ ಅನ್ನವು ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಈ ಶಾಸ್ತ್ರದಲ್ಲಿ ಆ ಅಗುಳು ಯಾವುದೆಂದರೆ ಯಂತ್ರಗಳ ಪ್ರಯೋಗಶಾಲೆ. ಜನರೇಟರು, ಮೋಟಾರು, ಟ್ರಾನ್ಸ್‌ಫಾರ್ಮರುಗಳು ಅಲ್ಲಿ ಇರತಕ್ಕುವು. ಕೆಲಸದ ದಿನ ಮಧ್ಯಾಹ್ನ ಹೋಗಿ ನೋಡಬೇಕು. ಮೋಟಾರಿನ ಮೇಲೆ ಧೂಳು ಕುಳಿತಿದೆಯೋ, ಹುಡುಗರ ಕೈ ಮಸಿಯಾಗಿದೆಯೋ? ಒಂದು ಮೇಜಿನ ಸುತ್ತ ಮೂವರೋ ಹದಿಮೂವರೋ? ಗಣಕಯಂತ್ರದ ತೆರೆಯ ಮೇಲೆ ತಂತಿಯನ್ನು ಜೋಡಿಸುವುದು ಇಂದು ಅವಶ್ಯವೇ ಸರಿ, ಆದರೆ ತೆರೆಯ ಮೇಲಿನ ತಂತಿಯು ಯಾರನ್ನೂ ಹೊಡೆಯದು, ಆದಕಾರಣ ಎಚ್ಚರವನ್ನೂ ಕಲಿಸದು. ಅಧ್ಯಾಪಕರು ಎಷ್ಟು ವರ್ಷದಿಂದ ಅಲ್ಲಿಯೇ ಇದ್ದಾರೆಂಬುದನ್ನೂ ವಿಚಾರಿಸತಕ್ಕದ್ದು. ವರ್ಷಕ್ಕೊಮ್ಮೆ ಗುರುಗಳು ಬದಲಾಗುವ ಮನೆಯಲ್ಲಿ ವಿದ್ಯೆಯು ನಿಲ್ಲುವುದು ಕಷ್ಟ.

ಮಾನ್ಯತೆಯ ವಿಷಯದಲ್ಲಿ ಒಂದು ಮಾತು. ನ್ಯಾಕ್ ಎಂಬುದು ಇಡೀ ಸಂಸ್ಥೆಯನ್ನು ತೂಗುತ್ತದೆ, ಎನ್.ಬಿ.ಎ. ಎಂಬುದು ಒಂದೊಂದು ಶಾಖೆಯನ್ನೂ ಬೇರೆಬೇರೆಯಾಗಿ ತೂಗುತ್ತದೆ. ಕಾಲೇಜಿನ ದ್ವಾರದಲ್ಲಿ ದೊಡ್ಡ ಅಕ್ಷರವಿದ್ದ ಮಾತ್ರಕ್ಕೆ ಎಲೆಕ್ಟ್ರಿಕಲ್ ಶಾಖೆಗೆ ಮನ್ನಣೆಯಿದೆಯೆಂದು ತಿಳಿಯಬಾರದು. 2014ರಲ್ಲಿ ಭಾರತವು ವಾಷಿಂಗ್ಟನ್ ಒಡಂಬಡಿಕೆಯ ಪೂರ್ಣ ಸದಸ್ಯತ್ವವನ್ನು ಪಡೆದ ಮೇಲೆ ವಿದೇಶಕ್ಕೆ ಹೋಗುವವರಿಗೆ ಈ ಮನ್ನಣೆಯ ಬೆಲೆಯು ಹೆಚ್ಚಿದೆ.

ನಮ್ಮ ಪರಿಚಿತರಾದ ಅಡಕೆ ಬೆಳೆಗಾರರೊಬ್ಬರ ಮಗಳಿಗೆ ಸಿ.ಇ.ಟಿ.ಯಲ್ಲಿ ಮಧ್ಯಮ ರ್‍ಯಾಂಕು ಬಂದಿತು. ಹುಡುಗಿಗೆ ಎಲೆಕ್ಟ್ರಿಕಲ್ ಶಾಖೆಯಲ್ಲಿ ಒಲವು, ಬಂಧುಗಳಿಗೆ ಕಂಪ್ಯೂಟರಿನಲ್ಲಿ. ಗತಾನುಗತಿಕ ಲೋಕವಲ್ಲವೆ! ರಾಜಧಾನಿಯ ಹೊಸ ಕಾಲೇಜೊಂದರಲ್ಲಿ ಆಡಳಿತ ಮಂಡಲಿಯ ಪಾಲಿನ ಸ್ಥಾನವನ್ನು ಕೊಳ್ಳಲು ತಂದೆಯು ತೋಟವನ್ನು ಅಡವಿಡುವ ಯೋಚನೆಯಲ್ಲಿದ್ದರು. ನಾವು ಅವರಿಗೆ ಅನುದಾನಿತ ಸ್ಥಾನಗಳ ಸಂಗತಿಯನ್ನು ತಿಳಿಸಿದೆವು. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ (1946), ಹಾಸನದ ಮಲೆನಾಡು ಕಾಲೇಜು (1960) ಮೊದಲಾದ ಹಳೆಯ ವಿದ್ಯಾಲಯಗಳಲ್ಲಿ ಅನುದಾನಿತ ಸ್ಥಾನಕ್ಕೂ ಅನುದಾನರಹಿತ ಸ್ಥಾನಕ್ಕೂ ಶುಲ್ಕದಲ್ಲಿ ಬಹಳ ಅಂತರವುಂಟು. ಹುಡುಗಿಯೇ ಕುಳಿತು, ಮನಸ್ಸಿಗೆ ಒಪ್ಪಿದ ಕ್ರಮದಲ್ಲಿ, ದೊರೆಯಲಿಕ್ಕಿಲ್ಲವೆಂದು ಯಾವುದನ್ನೂ ಬಿಡದೆ ಆಯ್ಕೆಗಳನ್ನು ನಮೂದಿಸಿದಳು. ಮೊದಲ ಸುತ್ತಿನಲ್ಲಿ ದೊರೆತದ್ದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಅವಕಾಶವಿರುವುದರಿಂದ ಹಾಗೆಯೇ ಮಾಡಿ, ಎರಡನೆಯ ಸುತ್ತಿನಲ್ಲಿ ಹಳೆಯ ಕಾಲೇಜೊಂದರಲ್ಲಿ ಅನುದಾನಿತ ಸ್ಥಾನವನ್ನು ಪಡೆದಳು. ತೋಟವು ಉಳಿಯಿತು.

ಡಿಪ್ಲೊಮಾ ಮುಗಿಸಿದವರು ಬೇರೊಂದು ಪ್ರವೇಶ ಪರೀಕ್ಷೆಯಿಂದ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯ ಹುಡುಗರಿಗೆ ಈ ದಾರಿಯು ಹೊಂದುತ್ತದೆಂದು ನಮ್ಮ ಅಭಿಪ್ರಾಯ.

ಕೊನೆಯದಾಗಿ ಕಾಗದಪತ್ರಗಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಗಳಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸ್ಥಾನಗಳ ಮೀಸಲಾತಿಯುಂಟು. ಇತರ ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳತಕ್ಕದ್ದು. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ರುಜುವಲ್ಲದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ಬೇಸಗೆಯ ರಜೆಯು ಆರಂಭವಾದರೆ ಮುಖ್ಯೋಪಾಧ್ಯಾಯರು ತಮ್ಮ ಊರಿಗೆ ಹೊರಟುಬಿಡುತ್ತಾರೆ. ಮಾರ್ಚಿ ತಿಂಗಳಲ್ಲಿಯೇ ಅದನ್ನು ಪಡೆದಿಟ್ಟುಕೊಳ್ಳುವುದು ಲೇಸು.