ಹೊಲ ಬೇರೆ, ಉತಾರ ಬೇರೆ: ಡಿಜಿಟಲ್ ಹಾಡಿನ ಸಂಗ್ರಹದ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

“ತಮ್ಮಾ, ಮನ್ನಿ ಚಿಪ್ಪಿಗೆ ಹಾಡ ತುಂಬಿ ಕೊಟ್ಟಿದ್ಯಲ್ಲ, ಈಗ ಒಂದೂ ಕಾಣವಲ್ದು ನೋಡು.” ಕುಂದಗೋಳದಂಥ ಊರಿನ ಮೊಬೈಲ್ ಅಂಗಡಿಗಳಿಗೆ ಈ ದೂರು ಹೊಸದಲ್ಲ. ಅಂಗಡಿಯ ಹುಡುಗ ಚಿಪ್ಪು, ಎಂದರೆ ಮೆಮೊರಿ ಕಾರ್ಡ್, ತೆಗೆದು ಕಂಪ್ಯೂಟರಿಗೆ ಹಾಕಿ ನೋಡುತ್ತಾನೆ. ಎಷ್ಟೋ ಸಲ ಹಾಡುಗಳೆಲ್ಲ ಇದ್ದಲ್ಲೇ ಇರುತ್ತವೆ. ಫೋನಿಗೆ ಅವುಗಳ ವಿಳಾಸ ತಪ್ಪಿರುತ್ತದೆ, ಅಷ್ಟೇ. ಆದರೆ ಅಷ್ಟರೊಳಗೆ ಮನೆಯಲ್ಲಿ ಯಾರೋ “ಖಾಲಿ ಐತಿ” ಎಂದು ಚಿಪ್ಪನ್ನು ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ ಹಾಡು ನಿಜವಾಗಿಯೂ ಹೋದಂತೆ.

ಹಾಡು ಹೋಯಿತೆಂದರೆ ಕುಂದಗೋಳದಲ್ಲಿ ಅದು ಸಣ್ಣ ಮಾತಲ್ಲ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರು (1886–1952) ಇಲ್ಲಿಯವರು. 1936ರ ಹೊತ್ತಿಗೆ ಭೀಮಸೇನ ಜೋಶಿ ಇಲ್ಲಿಗೆ ಬಂದು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಇದೇ ತಾಲ್ಲೂಕಿನ ಯಲಿವಾಳ, ಬಸವರಾಜ ರಾಜಗುರುಗಳ ಹುಟ್ಟೂರು. ಸವಾಯಿ ಗಂಧರ್ವರ ನೆನಪಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ಕೇಳಿ ಬೆಳೆದ ಜನ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಟ್ರಂಕಿನಲ್ಲಿ ಕ್ಯಾಸೆಟ್, ಕಪಾಟಿನಲ್ಲಿ ಸಿಡಿ ಇಟ್ಟುಕೊಂಡ ಮನೆಗಳಿವೆ. ಅವೆಲ್ಲ ಈಗ ಕಂಪ್ಯೂಟರಿಗೆ, ಫೋನಿಗೆ ಬರುತ್ತಿವೆ. ಬರುವ ದಾರಿಯಲ್ಲಿ ನಮ್ಮ ಕೆಲವು ತಪ್ಪು ತಿಳಿವಳಿಕೆಗಳಿಂದ ಎಷ್ಟೋ ಹಾಡುಗಳು ಕಳೆಯುತ್ತವೆ. ಉಳಿದವು ಹೆಸರು ಕಳೆದುಕೊಳ್ಳುತ್ತವೆ. ನನ್ನ ದೃಷ್ಟಿಯಲ್ಲಿ ಎರಡನೆಯದೂ ಮೊದಲನೆಯದರಷ್ಟೇ ದೊಡ್ಡ ನಷ್ಟ.

“ಲೈಬ್ರರಿಗೆ ಸೇರಿಸಿದರೆ ಹಾಡು ಆ್ಯಪಿನೊಳಗೆ ಹೋಗಿ ಕೂರುತ್ತದೆ”

ಇಲ್ಲ. ನಮ್ಮ ರೈತರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹಾಡಿನ ಫೈಲು ಹೊಲ, ಲೈಬ್ರರಿ ಅದರ ಉತಾರ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ ಎಂಬುದನ್ನು ಉತಾರ ಹೇಳುತ್ತದೆ. ಬೆಳೆ ಬರುವುದು ಹೊಲದಲ್ಲಿ. ಪ್ಲೇಯರ್‌ನ ಲೈಬ್ರರಿಯೂ ಹಾಗೆಯೇ ಒಂದು ದಾಖಲೆ. ಈ ಹಾಡು ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿದೆ ಎಂದು ಅದು ಬರೆದುಕೊಂಡಿರುತ್ತದೆ. ನೀವು ಆ ಫೋಲ್ಡರಿನ ಹೆಸರು ಬದಲಿಸಿದರೆ, ಅಥವಾ ಡಿ ಡ್ರೈವಿನಿಂದ ಪೆನ್ ಡ್ರೈವಿಗೆ ಕಟ್ ಮಾಡಿ ಒಯ್ದರೆ, ದಾಖಲೆಯಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಐಟ್ಯೂನ್ಸ್‌ನಲ್ಲಿ ಹಾಡಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಮೂಡುವುದು ಇದೇ ಕಾರಣಕ್ಕೆ.

ಐಟ್ಯೂನ್ಸ್‌ನಲ್ಲಿಯೂ, ಮ್ಯಾಕ್‌ನಲ್ಲಿ ಅದರ ಜಾಗಕ್ಕೆ ಬಂದ ಮ್ಯೂಸಿಕ್ ಆ್ಯಪ್‌ನಲ್ಲಿಯೂ ಒಂದು ಆಯ್ಕೆ ಇದೆ: ಲೈಬ್ರರಿಗೆ ಸೇರಿಸುವಾಗಲೇ ಫೈಲಿನ ಒಂದು ಪ್ರತಿಯನ್ನು ತನ್ನ ಮೀಡಿಯಾ ಫೋಲ್ಡರಿಗೆ ತೆಗೆದುಕೊಳ್ಳುವುದು. ಅದು ಆನ್ ಆಗಿದ್ದರೆ ಮೂಲ ಫೈಲು ಹೋದರೂ ಹಾಡು ಉಳಿಯುತ್ತದೆ, ಜಾಗ ಮಾತ್ರ ಎರಡರಷ್ಟು ಬೇಕು. ಆಫ್ ಆಗಿದ್ದರೆ ಲೈಬ್ರರಿಯಲ್ಲಿರುವುದು ಬರೀ ವಿಳಾಸ. ನಿಮ್ಮ ಕಂಪ್ಯೂಟರಿನಲ್ಲಿ ಅದು ಹೇಗಿದೆ ಎಂದು ಒಮ್ಮೆ ನೋಡಿಕೊಳ್ಳಿ. ನೂರಾರು ಹಾಡು ಸೇರಿಸಿದ ಮೇಲೆ ನೋಡಿಕೊಂಡು ಪರದಾಡುವುದಕ್ಕಿಂತ ಇದು ಒಳ್ಳೆಯದು.

ಆಂಡ್ರಾಯ್ಡ್ ಫೋನು ಚಿಪ್ಪಿನಲ್ಲಿರುವುದನ್ನೆಲ್ಲ ತಾನೇ ಹುಡುಕಿ ಪಟ್ಟಿ ಮಾಡಿಕೊಳ್ಳುತ್ತದೆ. ಆದರೆ ಫೋಲ್ಡರಿನಲ್ಲಿ ‘ಡಾಟ್ ನೋಮೀಡಿಯಾ’ ಎಂಬ ಹೆಸರಿನ ಒಂದು ಖಾಲಿ ಫೈಲು ಇದ್ದರೆ ಸಾಕು, ಆ ಫೋಲ್ಡರನ್ನು ಬಿಟ್ಟು ಮುಂದೆ ಹೋಗುತ್ತದೆ. ಹಳೆಯ ಫೋನಿನಿಂದ ಫೋಲ್ಡರುಗಳನ್ನು ಇಡಿಯಾಗಿ ಎತ್ತಿ ತಂದಾಗ ಈ ಫೈಲೂ ಜೊತೆಗೆ ಬಂದಿರಬಹುದು. ಹಾಡು ಕಾಣದಿದ್ದರೆ ಮೊದಲು ಫೈಲ್ ಮ್ಯಾನೇಜರ್ ತೆರೆದು ಹುಡುಕಿ. ಅಲ್ಲಿ ಕಂಡರೆ ಹೊಲ ಭದ್ರ, ಉತಾರ ತಿದ್ದಿಸಿದರಾಯಿತು.

ಅಳಿಸುವಾಗಲೂ ಎಚ್ಚರ ಬೇಕು. ಪ್ಲೇಲಿಸ್ಟಿನಿಂದ ತೆಗೆದರೆ ಪಟ್ಟಿಯಿಂದ ಮಾತ್ರ ಹೋಗುತ್ತದೆ. ಫೋನಿನ ಬಹುತೇಕ ಪ್ಲೇಯರ್‌ಗಳಲ್ಲಿ ‘ಡಿಲೀಟ್’ ಒತ್ತಿದರೆ ಫೈಲೇ ಹೋಗುತ್ತದೆ.

“ಫೈಲಿನ ಹೆಸರೇ ಹಾಡಿನ ಹೆಸರು”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದು. ಫೈಲಿನ ಹೆಸರು ಡಬ್ಬಿಯ ಮೇಲೆ ಅಂಟಿಸಿದ ಚೀಟಿ. ಎಂಪಿ3 ಫೈಲಿನ ಒಳಗೇ ಇನ್ನೊಂದು ಬರಹ ಇರುತ್ತದೆ, ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಹಾಡಿನ ಶೀರ್ಷಿಕೆ, ಹಾಡಿದವರು, ಆಲ್ಬಮ್, ವರ್ಷ, ಅನುಕ್ರಮ ಸಂಖ್ಯೆ ಎಲ್ಲ ಅಲ್ಲಿ ದಾಖಲಾಗುತ್ತವೆ. ಪ್ಲೇಯರ್ ಓದುವುದು ಈ ಒಳಗಿನ ಬರಹವನ್ನು. ಹೊರಗೆ ನೀವು ಎಷ್ಟು ಚೆಂದದ ಹೆಸರಿಟ್ಟರೂ ಒಳಗೆ ಯಾವುದೋ ವೆಬ್‌ಸೈಟಿನ ಹೆಸರಿದ್ದರೆ ಪರದೆಯ ಮೇಲೆ ಅದೇ ಬರುತ್ತದೆ. ಒಳಗೆ ಏನೂ ಇಲ್ಲದಿದ್ದರೆ ‘ಅನ್‌ನೋನ್ ಆರ್ಟಿಸ್ಟ್’. ನಮ್ಮ ಊರಿನ ಗಾಯಕರು ನಮ್ಮ ಫೋನಿನಲ್ಲೇ ಅಪರಿಚಿತರಾಗುವುದು ಹೀಗೆ.

ವಾಟ್ಸ್‌ಆ್ಯಪಿನಲ್ಲಿ ಹಾಡನ್ನು ಆಡಿಯೋ ಆಗಿ ಕಳಿಸಿದಾಗ ಏನಾಗುತ್ತದೆ ನೋಡಿ. ಆ ಕಡೆಯ ಫೋನಿನಲ್ಲಿ ಫೈಲಿಗೆ ತಾರೀಖು, ಅಂಕಿ ಸೇರಿಸಿದ ಹೊಸ ಹೆಸರು ಬೀಳುತ್ತದೆ. ನೀವಿಟ್ಟ ಹೆಸರು ಅಳಿದುಹೋಯಿತು. ಆದರೆ ಒಳಗಿನ ಟ್ಯಾಗ್ ಫೈಲಿನ ಜೊತೆಗೇ ಪ್ರಯಾಣ ಮಾಡುತ್ತದೆ. ಅದನ್ನು ಒಮ್ಮೆ ಸರಿಯಾಗಿ ಬರೆದರೆ ಹತ್ತು ಫೋನು ದಾಟಿದರೂ ಉಳಿಯುತ್ತದೆ.

ಟ್ಯಾಗಿನಲ್ಲಿ ಬರೆದ ಕನ್ನಡ ಅಕ್ಷರ ಕೆಲವೊಮ್ಮೆ ಕೆಡುವುದು ಯಾಕೆ? 1996ರಲ್ಲಿ ಬಂದ ಮೊದಲ ಟ್ಯಾಗ್ ಪದ್ಧತಿಯಲ್ಲಿ ಎಲ್ಲ ವಿವರ ಸೇರಿ 128 ಬೈಟ್. ಅದರಲ್ಲಿ ಹಾಡಿದವರ ಹೆಸರಿಗೆ ಸಿಗುವುದು 30. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದಿನ ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಮೂಲ ಚಿಹ್ನೆಗೂ 3 ಬೈಟ್ ಬೇಕು. ಗುಣಿತದ ಕೊಂಬು, ದೀರ್ಘ, ಸೊನ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ‘ಸವಾಯಿ ಗಂಧರ್ವ’ ಎಂದು ಬರೆಯಲು 11 ಚಿಹ್ನೆ ಮತ್ತು ನಡುವಿನ ಒಂದು ಖಾಲಿ ಜಾಗ ಸೇರಿ 34 ಬೈಟ್ ಆಗುತ್ತದೆ. ಎಂದರೆ ಕುಂದಗೋಳದ ಅತ್ಯಂತ ದೊಡ್ಡ ಹೆಸರು ಆ ಕೋಣೆಯಲ್ಲಿ ಹಿಡಿಸುವುದೇ ಇಲ್ಲ. ಹಿಡಿಸಿದ್ದರೂ ಆ ಪದ್ಧತಿ ಯುನಿಕೋಡನ್ನು ಒಪ್ಪುತ್ತಿರಲಿಲ್ಲ. 1998ರಲ್ಲಿ ಆರಂಭವಾದ ಎರಡನೆಯ ಪದ್ಧತಿ ಈ ಬೇಲಿ ತೆಗೆಯಿತು. ಇಂದು ಕನ್ನಡದಲ್ಲೇ ಟ್ಯಾಗ್ ಬರೆಯಲು ಯಾವ ಅಡ್ಡಿಯೂ ಇಲ್ಲ. ಷರತ್ತು ಒಂದೇ: ಯುನಿಕೋಡ್‌ನಲ್ಲಿ ಟೈಪ್ ಮಾಡಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ಹಾಕಿದರೆ ಫೋನಿನಲ್ಲಿ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ.

ಬರೆಯುವುದು ಕಷ್ಟವೂ ಅಲ್ಲ. ವಿಂಡೋಸ್‌ನಲ್ಲಿ ಎಂಪಿ3 ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್, ಅಲ್ಲೇ ತಿದ್ದಬಹುದು. ಒಟ್ಟಿಗೆ ನೂರು ಹಾಡು ತಿದ್ದಬೇಕಿದ್ದರೆ ಎಂಪಿ3ಟ್ಯಾಗ್ ಎಂಬ ತಂತ್ರಾಂಶ ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ.

ಬರೆಯುವಾಗ ಒಂದು ಹೆಸರನ್ನು ಒಂದೇ ಬಗೆಯಲ್ಲಿ ಬರೆಯಿರಿ. ‘ಪಂ. ಭೀಮಸೇನ ಜೋಶಿ’, ‘ಭೀಮಸೇನ್ ಜೋಶಿ’, ‘ಭೀಮಸೇನ ಜೋಷಿ’ ಎಂದು ಮೂರು ಬಗೆ ಬರೆದರೆ ಫೋನಿನ ಪಾಲಿಗೆ ಅವರು ಮೂವರು ಗಾಯಕರು. ಸವಾಯಿ ಗಂಧರ್ವರ ವಿಷಯದಲ್ಲಂತೂ ಇದು ಇನ್ನೂ ತೊಡಕು. ಅವರ ನಿಜ ಹೆಸರು ರಾಮಚಂದ್ರ ಗಣೇಶ ಕುಂದಗೋಳಕರ. ಜನರ ಬಾಯಲ್ಲಿ ರಾಂಭಾವು. ಮೂರೂ ಹೆಸರಿನ ಫೈಲುಗಳು ನಿಮ್ಮಲ್ಲಿದ್ದರೆ ಅವು ಒಂದೆಡೆ ಸೇರುವುದೇ ಇಲ್ಲ.

ಗಂಗೂಬಾಯಿಯವರ ಉದಾಹರಣೆ ನನ್ನನ್ನು ಯಾವಾಗಲೂ ಕಾಡುತ್ತದೆ. 1930ರ ದಶಕದ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಆಗಿನ ದನಿ ತೆಳು, ಎತ್ತರದ ಶ್ರುತಿಯದು. ಗಂಟಲಿನ ಚಿಕಿತ್ಸೆಯ ನಂತರ ಬಂದ ಗಂಭೀರ ದನಿಯನ್ನು ಮಾತ್ರ ಬಲ್ಲವರು ಆ ಹಾಡು ಕೇಳಿದರೆ, ಹಾಡುತ್ತಿರುವವರು ಗಂಗೂಬಾಯಿ ಎಂದು ಕಿವಿಯಿಂದ ಕಂಡುಹಿಡಿಯುವುದು ಕಷ್ಟ. ಹೆಸರೂ ಬೇರೆ, ದನಿಯೂ ಬೇರೆ. ಅಂಥ ಫೈಲಿನೊಳಗೆ ‘ಗಂಗೂಬಾಯಿ ಹಾನಗಲ್’ ಎಂದು ಗಾಯಕರ ಜಾಗದಲ್ಲಿಯೂ, ‘ತಟ್ಟೆಯ ಮೇಲೆ ಗಾಂಧಾರಿ’ ಎಂದು ಟಿಪ್ಪಣಿಯ ಜಾಗದಲ್ಲಿಯೂ ಬರೆದಿಟ್ಟರೆ ಮುಂದಿನವರಿಗೆ ದಾರಿ ಸಿಗುತ್ತದೆ. ರಾಗಕ್ಕೆಂದೇ ಪ್ರತ್ಯೇಕ ಜಾಗ ಟ್ಯಾಗಿನಲ್ಲಿಲ್ಲ, ಪಾಶ್ಚಾತ್ಯ ಸಂಗೀತದ ಅಳತೆಗೆ ಮಾಡಿದ ಅಂಗಿ ಅದು. ಶೀರ್ಷಿಕೆಯಲ್ಲೇ ರಾಗದ ಹೆಸರು ಸೇರಿಸುವುದು ಸರಳ ಉಪಾಯ.

ಹಲವರು ಹಾಡಿದ ಒಂದು ಭಜನೆಯ ಸಿಡಿ ಫೋನಿನಲ್ಲಿ ಹತ್ತು ಆಲ್ಬಮ್ಮಾಗಿ ಒಡೆದು ಕಾಣುತ್ತಿದ್ದರೆ ‘ಆಲ್ಬಮ್ ಆರ್ಟಿಸ್ಟ್’ ಎಂಬ ಜಾಗ ನೋಡಿ. ಹತ್ತರಲ್ಲೂ ಅಲ್ಲಿ ಒಂದೇ ಹೆಸರು ಹಾಕಿದರೆ ಕೂಡಿಕೊಳ್ಳುತ್ತವೆ.

“320 ಕೆಬಿಪಿಎಸ್‌ಗೆ ಏರಿಸಿದರೆ ದನಿ ಸುಧಾರಿಸುತ್ತದೆ”

ಕುಟ್ಟಿದ ಖಾರಪುಡಿಯನ್ನು ದೊಡ್ಡ ಚೀಲಕ್ಕೆ ತುಂಬಿದರೆ ಅದು ಮತ್ತೆ ಬ್ಯಾಡಗಿ ಕಾಯಿ ಆಗುತ್ತದೆಯೇ? ಎಂಪಿ3 ಮಾಡುವಾಗ, ಮನುಷ್ಯನ ಕಿವಿ ಗಮನಿಸಲಾರದು ಎಂದು ಲೆಕ್ಕ ಹಾಕಿದ ಅಂಶಗಳನ್ನು ಕಿತ್ತುಹಾಕುತ್ತಾರೆ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಸುಮಾರು 1 ಎಂಬಿ. ಸಿಡಿಯಲ್ಲಿ ಅದೇ ನಿಮಿಷಕ್ಕೆ ಸುಮಾರು 10 ಎಂಬಿ. ಒಮ್ಮೆ ಕಿತ್ತದ್ದು ಹಿಂದೆ ಬಾರದು. 128ರ ಫೈಲನ್ನು 320ಕ್ಕೋ ವೇವ್‌ಗೋ ಬದಲಿಸಿದರೆ ಚೀಲ ದೊಡ್ಡದಾಗುತ್ತದೆ, ಒಳಗಿನ ಮಾಲು ಅಷ್ಟೇ.

ಆದ್ದರಿಂದ ಸಿಡಿ ಕೈಯಲ್ಲಿದ್ದರೆ ಮೊದಲ ಪ್ರತಿಯನ್ನು ಫ್ಲ್ಯಾಕ್ ರೂಪದಲ್ಲಿ ತೆಗೆದಿಡಿ. ಅದರಲ್ಲಿ ಏನೂ ನಷ್ಟವಾಗದೆ ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಟ್ಯಾಗೂ ಚೆನ್ನಾಗಿ ಕೂರುತ್ತದೆ. ಫೋನಿಗೆ ಬೇಕಾದ ಎಂಪಿ3ಯನ್ನು ಅದರಿಂದ ಮಾಡಿಕೊಳ್ಳಿ. ಕ್ಯಾಸೆಟ್ಟಿಗೆ ಅವಸರ ಸಲ್ಲದು: 60 ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸಲು 60 ನಿಮಿಷ ಕೂರಲೇಬೇಕು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರ್ ಹಾಕಿ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಟೇಪಿನ ಮುಂದೆ ಫೋನ್ ಹಿಡಿದು ವಾಟ್ಸ್‌ಆ್ಯಪ್ ವಾಯ್ಸ್ ನೋಟ್ ಮಾಡಬೇಡಿ. ಅದು ಮಾತಿಗೆಂದು ಹಿಂಡಿ ಸಣ್ಣದು ಮಾಡುವ ವ್ಯವಸ್ಥೆ. ತಂಬೂರಿಯ ಜೀವಾರಿಯ ಝೇಂಕಾರ ಅದರಲ್ಲಿ ಉಳಿಯುವುದಿಲ್ಲ.

“ಡೌನ್‌ಲೋಡ್ ಮಾಡಿದ್ದೇನೆ, ಇನ್ನು ಅದು ನನ್ನದು”

ಸ್ಪಾಟಿಫೈನಂಥ ಆ್ಯಪಿನಲ್ಲಿ ಡೌನ್‌ಲೋಡ್ ಒತ್ತಿದರೆ ಸಿಗುವುದು ಲಾವಣಿಗೆ ಹಾಕಿಕೊಂಡ ಹೊಲ. ಫೈಲು ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ, ಆ ಆ್ಯಪ್ ಬಿಟ್ಟು ಬೇರೆಲ್ಲೂ ನುಡಿಯದು, ಪೆನ್ ಡ್ರೈವಿಗೆ ಹೋಗದು. ಸ್ಪಾಟಿಫೈಗೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ತೋರಿಸಬೇಕು. ಚಂದಾ ನಿಂತರೆ ಅದೂ ನಿಂತಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಹಾಕಿದಾಗ ಇದು ಎಷ್ಟೋ ಜನರಿಗೆ ಅರಿವಾಯಿತು. ಕೇಳಲು ಇವು ಒಳ್ಳೆಯ ಸೌಲಭ್ಯ, ನಾನೂ ಬಳಸುತ್ತೇನೆ. ಆದರೆ ಇವನ್ನೇ ಸಂಗ್ರಹ ಎಂದು ನಂಬಿ ಮನೆಯ ಸಿಡಿಗಳನ್ನು ಗುಜರಿಗೆ ಹಾಕಬೇಡಿ.

“ಪೆನ್ ಡ್ರೈವ್ ಕೆಟ್ಟಿದೆ, ಹಾಡು ಹಿಂದುಮುಂದು ಬರುತ್ತವೆ”

ಕೆಟ್ಟಿಲ್ಲ. ಟ್ರ್ಯಾಕ್ಟರ್, ಜೀಪಿನ ಹಲವು ಪ್ಲೇಯರ್‌ಗಳು ಹೆಸರಿನ ಕ್ರಮ ನೋಡುವುದಿಲ್ಲ, ಯಾವ ಫೈಲು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತವೆ. ಹೆಸರು ನೋಡುವವೂ 1 ಆದ ಮೇಲೆ 10ಕ್ಕೆ ಹಾರಿ, ಆಮೇಲೆ 2ಕ್ಕೆ ಬರಬಹುದು. 01, 02 ಎಂದು ಹೆಸರಿಡಿ, ಅದೇ ಕ್ರಮದಲ್ಲಿ ಕಾಪಿ ಮಾಡಿ. ಹಳೆಯ ಡೆಕ್ಕಿಗೆ ಪೆನ್ ಡ್ರೈವ್ ಗೊತ್ತೇ ಆಗದಿದ್ದರೆ, ಒಳಗಿನದನ್ನು ಬೇರೆಡೆ ಉಳಿಸಿಕೊಂಡು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ನೋಡಿ.

“ಸಿಂಕ್ ಆಗಿದೆ, ಬೇರೆ ಪ್ರತಿ ಯಾಕೆ?”

ಸಿಂಕ್ ಎಂದರೆ ಎರಡು ಕಡೆಯೂ ಒಂದೇ ರೀತಿ ಇರುವಂತೆ ಮಾಡುವುದು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಐಫೋನನ್ನು ಬೇರೆಯವರ ಕಂಪ್ಯೂಟರಿನ ಲೈಬ್ರರಿಗೆ ಸಿಂಕ್ ಮಾಡಲು ಹೋದರೆ ಮೊದಲಿದ್ದ ಹಾಡುಗಳನ್ನು ಅಳಿಸಿ ಹೊಸವನ್ನು ತುಂಬುತ್ತದೆ. ಎಚ್ಚರಿಕೆಯ ಸಂದೇಶ ಬರುತ್ತದೆ, ಓದದೆ ಓಕೆ ಒತ್ತುವವರೇ ಹೆಚ್ಚು. ಸಿಂಕ್‌ಗೆ ಸಂಬಂಧವಿಲ್ಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು.

“ಹಳೆಯ ಹಾಡು, ಹಕ್ಕು ಗಿಕ್ಕು ಇಲ್ಲ”

ಅರ್ಧ ಸತ್ಯ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. ಸವಾಯಿ ಗಂಧರ್ವರ ಜೀವಿತಕಾಲದಲ್ಲಿ ಹೊರಬಂದ ತಟ್ಟೆಗಳ ಮುದ್ರಣದ ಹಕ್ಕು ಮುಗಿದಿದೆ. ಅವರ ಶಿಷ್ಯರ ಎಷ್ಟೋ ಮುದ್ರಣಗಳದ್ದು ಮುಗಿದಿಲ್ಲ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಗೆ ಬೇರೆಯೇ ಲೆಕ್ಕ: ರಚಿಸಿದವರ ಮರಣಾನಂತರ 60 ವರ್ಷ. ಕೊಂಡ ಸಿಡಿಯನ್ನು ನೀವು ಕೇಳಲೆಂದು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಬೇರೆ, ಅದನ್ನು ಚಿಪ್ಪಿಗೆ ತುಂಬಿ ಮಾರುವುದು ಬೇರೆ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹೆಸರಿಲ್ಲದ ಕ್ಯಾಸೆಟ್ಟುಗಳಿದ್ದರೆ ಅಜ್ಜನ ಅಥವಾ ಅತ್ತೆಯ ಪಕ್ಕ ಕೂತು ಒಂದೊಂದನ್ನೇ ಹಾಕಿ ಕೇಳಿಸಿ. ಇದು ಯಾರ ದನಿ, ಯಾವ ರಾಗ, ಯಾವ ವರ್ಷದ ಜಾತ್ರೆ, ತಬಲಾ ಯಾರದು ಎಂದು ಕೇಳಿ. ಅವರು ಹೇಳಿದ್ದನ್ನು ಅಂದೇ, ಕನ್ನಡದಲ್ಲೇ, ಫೈಲಿನೊಳಗೆ ಬರೆದಿಡಿ.